ಚರ್ಮದಡಿಯ ಚಿಪ್ಪಣ್ಣನೊಂದಿಗೆ ನಾಲ್ಕು ಮಾತು

ವಿಳಾಸ: ಹೆಬ್ಬೆರಳು–ತೋರುಬೆರಳಿನ ನಡುವೆ, ರಿವರ್ ಫಾಲ್ಸ್, ವಿಸ್ಕಾನ್ಸಿನ್, ಅಮೆರಿಕ. 2017ರ ಆಗಸ್ಟ್ 1ರಂದು ಥ್ರೀ ಸ್ಕ್ವೇರ್ ಮಾರ್ಕೆಟ್ ಕಂಪನಿಯ ‘ಚಿಪ್ ಪಾರ್ಟಿ’ಯಲ್ಲಿ ಸುಮಾರು 50 ಉದ್ಯೋಗಿಗಳ ಕೈಯೊಳಗೆ ಗೃಹಪ್ರವೇಶ ಮಾಡಿದ ಮೈಕ್ರೋಚಿಪ್‌ಗಳ ಪೈಕಿ ಚಿಪ್ಪಣ್ಣನೂ ಒಬ್ಬ.

ಒಳಗೆ ಹೇಗಿದೆ ವಾಸ?

ಅಕ್ಕಿಕಾಳಿನಷ್ಟು ಗಾಜಿನ ಮನೆ. ಬಾಡಿಗೆಯಿಲ್ಲ, ಬ್ಯಾಟರಿಯಿಲ್ಲ. ನನ್ನನ್ನು ಓದುವ ಯಂತ್ರ, ಅಂದರೆ ರೀಡರ್, ಹತ್ತಿರ ಬಂದರೆ ಅದರ ಅಲೆಯಿಂದಲೇ ಒಂದು ಗುಟುಕು ವಿದ್ಯುತ್ ಕುಡಿದು, ನಂಬರ್ ಒಪ್ಪಿಸಿ, ಮತ್ತೆ ಮಲಗುತ್ತೇನೆ.

ಉದ್ಯೋಗ?

ಬಾಗಿಲು ತೆಗೆಸುವುದು, ಕಂಪ್ಯೂಟರಿಗೆ ಲಾಗಿನ್, ಯಂತ್ರದಿಂದ ಕುರುಕಲು ಕೊಡಿಸುವುದು. ಜೇಬು ತಡಕುವ ಶ್ರಮ ತಪ್ಪಲೆಂದು ಯಜಮಾನರು ಸೂಜಿ ಚುಚ್ಚಿಸಿಕೊಂಡರು. ಸ್ವೀಡನ್ನಿನ ರೈಲಿನಲ್ಲಿ ನಮ್ಮವರೇ ಟಿಕೆಟ್ಟಾಗಿದ್ದೂ ಉಂಟು.

ಇಷ್ಟೇನಾ ಲಾಭ?

ನಮ್ಮಣ್ಣ ವೆರಿಚಿಪ್ ಘನಕಾರ್ಯಕ್ಕೇ ಹೊರಟಿದ್ದ. ಪ್ರಜ್ಞೆ ತಪ್ಪಿ ಬಂದ ರೋಗಿಯ ತೋಳಿನಿಂದ 16 ಅಂಕಿ ಓದಿ, ಆಸ್ಪತ್ರೆಯವರು ಅವರ ಕಾಯಿಲೆಯ ದಾಖಲೆ ತೆಗೆಯಬಹುದಿತ್ತು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಜನ ಒಪ್ಪಲಿಲ್ಲ. 2010ಕ್ಕೆ ಅಂಗಡಿ ಮುಚ್ಚಿದ.

ನೀವು ಗೂಢಚಾರರಂತೆ?

ನಿಮ್ಮ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತೆ ಅಂತ 2016ರಲ್ಲಿ ಹಬ್ಬಿಸಿದಿರಲ್ಲ, ಅಂಥ ಶಕ್ತಿ ನನಗಿದ್ದರೆ ಕುರುಕಲು ಕೊಡಿಸುತ್ತಾ ಕೂರುತ್ತಿದ್ದೆನೆ? ನನ್ನಲ್ಲಿ ಜಿಪಿಎಸ್ ಇಲ್ಲ. ನನ್ನ ಮಾತು ಕೆಲವು ಸೆಂಟಿಮೀಟರ್ ದಾಟುವುದಿಲ್ಲ. ಯಜಮಾನರು ಎಲ್ಲೆಲ್ಲಿ ಸುತ್ತಿದರು ಅಂತ ಬೇಕಿದ್ದರೆ ಅವರ ಮೊಬೈಲನ್ನೇ ಕೇಳಿ, ಬಾಯಿಬಿಡುತ್ತೆ.

ಹಾಗಾದರೆ ಹೆದರಬೇಕಿಲ್ಲ?

ನನಗೆ ಹೆದರಬೇಡಿ. ರೀಡರ್ ಯಾರದು, ಅದರ ಹಿಂದಿನ ಲೆಕ್ಕದ ಪುಸ್ತಕ ಯಾರ ಕೈಲಿದೆ, ಅದನ್ನು ವಿಚಾರಿಸಿ. ನಾನು ಹೇಳುವುದು ಬರೀ ನಂಬರ್. ಎಷ್ಟು ಗಂಟೆಗೆ ಬಂದರು, ಎಷ್ಟು ಸಲ ಎದ್ದುಹೋದರು, ಏನೇನು ತಿಂದರು ಅಂತ ಪೋಣಿಸಬಲ್ಲವರು ಅಲ್ಲಿದ್ದಾರೆ. ಐಡಿ ಕಾರ್ಡನ್ನಾದರೆ ಸಂಜೆ ಮೊಳೆಗೆ ತಗುಲಿಹಾಕಬಹುದು. ನನ್ನನ್ನು?

ಬಲವಂತವೇನೂ ಇರಲಿಲ್ಲವಲ್ಲ?

ಛೆ, ಛೆ! ಬಲವಂತದ ಚಿಪ್ಪಿಗೆ ವಿಸ್ಕಾನ್ಸಿನ್‌ನಲ್ಲಿ 2006ರಲ್ಲೇ ಕಾನೂನಿನ ತಡೆ ಬಿದ್ದಿದೆ. ಎಲ್ಲ ‘ಇಷ್ಟವಿದ್ದರೆ’ ಮಾತ್ರ. ಆದರೆ ಬಾಸ್ ನಗುನಗುತ್ತಾ ‘ಇಷ್ಟವಿದ್ದರೆ’ ಅಂದಾಗ ಎಷ್ಟು ಜನಕ್ಕೆ ಇಷ್ಟವಾಗಿಬಿಡುತ್ತೆ ಅಂತ ಆಫೀಸಿಗೆ ಹೋಗುವ ನಿಮಗೆ ಹೇಳಬೇಕೆ?

ನಾಳೆ ಯಜಮಾನರು ಕೆಲಸ ಬಿಟ್ಟರೆ?

ಒಳಬರಲು ಸೂಜಿ ಸಾಕಾಯಿತು, ಹೊರಬರಲು ಬ್ಲೇಡ್ ಬೇಕು. ‘ಲ್ಯಾಪ್‌ಟಾಪ್ ಒಪ್ಪಿಸಿದ್ದೇನೆ, ಕೀಲಿಕೈ ಒಪ್ಪಿಸಿದ್ದೇನೆ’ ಅಂತ ಸಹಿ ಹಾಕಿಸಿಕೊಳ್ಳುವ ಎಚ್‌ಆರ್ ಫಾರಂನಲ್ಲಿ ನನ್ನ ಕಾಲಂಗೆ ಏನು ಬರೆಯುತ್ತಾರೋ, ನನಗೂ ಕುತೂಹಲ.