ಕಲ್ಲಿನೊಳಗೆ ಈಟಿ ಹಿಡಿದು ನಿಂತ ಅಜ್ಜಂದಿರಿಗೆ

ದುಮ್ಮವಾಡ, ಕಲಘಟಗಿ ತಾಲೂಕು

ನಮ್ಮ ಸೀಮೆಯ ವೀರಗಲ್ಲುಗಳಲ್ಲಿ ಈಟಿ ಹಿಡಿದು ನಿಂತ ಅಜ್ಜಂದಿರಿಗೆ ಶರಣು ಶರಣಾರ್ಥಿ.

ನಿಮ್ಮ ವಿಳಾಸ ಹುಡುಕುವ ಕೆಲಸ ನನಗಿಲ್ಲ. ಗುಡಿಯ ಅಂಗಳ, ಕೆರೆಯ ದಂಡೆ, ಊರ ಅಗಸಿ, ಹೊಲದ ಬದು, ಎಲ್ಲಿ ನಿಲ್ಲಿಸಿದರೋ ಅಲ್ಲಿಯೇ ನಿಂತಿದ್ದೀರಿ. ಕೆಲವರ ಮೇಲೆ ಸುಣ್ಣ ಬಿದ್ದಿದೆ. ಕೆಲವರು ಸೊಂಟದ ತನಕ ಮಣ್ಣಲ್ಲಿ ಹೂತಿದ್ದೀರಿ. ಕೆಲವರಿಗೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ದೇವರ ಹೆಸರು ಕೊಟ್ಟು ಪೂಜಿಸುತ್ತಾರೆ. ಪೂಜಿಸುವವರಿಗೂ ನೀವು ಯಾರೆಂದು ಗೊತ್ತಿಲ್ಲ. ಈ ಪತ್ರ ನಿಮ್ಮ ಹೆಸರಿಗೆ ಇದ್ದರೂ ಊರವರೆಲ್ಲ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯ ಜಂತಿಗೆ ಒಂದು ಭರ್ಜಿ ಸಿಕ್ಕಿಸಿ ಇಟ್ಟಿದ್ದರು. ಭತ್ತ, ಗೋವಿನಜೋಳ ತೆನೆಗಟ್ಟುವ ದಿನಗಳಲ್ಲಿ ಕಾಡಹಂದಿ ಕಾಯಲು ನಮ್ಮ ಮುತ್ಯಾ ಅದನ್ನು ಹೆಗಲಿಗೇರಿಸಿ ಹೊಲಕ್ಕೆ ಹೋಗುತ್ತಿದ್ದ. ಹುಡುಗನಾಗಿದ್ದ ನನಗೆ ಹಿಡಿಯಲು ಕಲಿಸಿದ್ದ. "ಹಿಂದಿನ ಕೈ ನೂಕತೈತಿ, ಮುಂದಿನ ಕೈ ದಾರಿ ತೋರಸತೈತಿ. ಹಂದಿ ಮ್ಯಾಲ ಬಂದ್ರ ನೀ ಓಡಿ ಹೋಗಿ ಇರೀಬ್ಯಾಡ. ಬುಡ ನೆಲಕ್ಕ ಊರಿ ಕುಂದ್ರು, ಅದ ಬಂದು ಬೀಳತೈತಿ" ಅಂದಿದ್ದ. ಅವನು ಹೋದ ಮೇಲೆ, ಹಳೇ ಮನೆ ಕೆಡವಿದ ವರ್ಷ, ಆ ಭರ್ಜಿಯನ್ನು ತುಕ್ಕು ಹಿಡಿದ ತಗಡಿನ ಜೊತೆ ಮೋಡಕಾದವನ ತಕ್ಕಡಿಗೆ ಹಾಕಿದೆ. ಅದರ ಉದ್ದ ಎಷ್ಟಿತ್ತು, ಅಲಗು ಎಷ್ಟು ಬೆರಳು, ಯಾವ ಊರ ಕಂಬಾರ ಬಡಿದಿದ್ದ, ಯಾವುದನ್ನೂ ಬರೆದಿಡಲಿಲ್ಲ. ಇವತ್ತಿಗೂ ಆ ತಕ್ಕಡಿಯ ಸಪ್ಪಳ ನನ್ನ ಕಿವಿಯಲ್ಲಿದೆ.

ಆಮೇಲೆಯೇ ನಾನು ನಿಮ್ಮನ್ನು ಕಣ್ಣಿಟ್ಟು ನೋಡಲು ಕಲಿತದ್ದು. ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಅಂಕಣ. ಮೇಲಿನದರಲ್ಲಿ ನೀವು ಲಿಂಗದ ಮುಂದೆಯೋ ಜಿನನ ಮುಂದೆಯೋ ಕೈಮುಗಿದು ಕುಳಿತಿರುತ್ತೀರಿ. ನಡುವೆ ಅಪ್ಸರೆಯರು ನಿಮ್ಮನ್ನು ಕರೆದೊಯ್ಯುತ್ತಾರೆ. ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ನಾನು ಕೆಳಗಿನ ಅಂಕಣದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಅಲ್ಲಿ ಕತ್ತಿ, ಗುರಾಣಿ, ಬಿಲ್ಲುಗಳ ನಡುವೆ ಉದ್ದನೆಯ ಗೆರೆಯೊಂದು ಅಡ್ಡ ಹಾಯ್ದಿರುತ್ತದೆ. ಅದು ಈಟಿ.

ಅದು ಬಡವನ ಆಯುಧ. ಕತ್ತಿಗೆ ಮೊಳದುದ್ದ ಒಳ್ಳೆಯ ಉಕ್ಕು ಬೇಕು, ಕೈ ಪಳಗಿದ ಕುಶಲಿ ಬೇಕು. ಈಟಿಗೆ ಗೇಣುದ್ದದ ಕಬ್ಬಿಣ, ಒಂದು ಗಟ್ಟಿ ಬಿದಿರು ಸಾಕು. ಬಿದಿರು ನಮ್ಮ ಕಲಘಟಗಿ ಕಾಡಿನಲ್ಲೇ ಬೆಳೆಯುತ್ತದೆ. ನಿಮ್ಮ ಕಲ್ಲುಗಳ ಮೇಲೆ ಕೆಲವು ಮಾತುಗಳು ಬರುತ್ತವೆ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವ ಕಾಳಗ. ಪೆಣ್ಬುಯ್ಯಲ್ ಎಂದರೆ ಹೆಣ್ಣುಮಕ್ಕಳ ಮೊರೆ. ಊರಳಿವು ಎಂದರೆ ಊರೇ ಹಾಳಾಗುವ ಹೊತ್ತು. ಈ ಮಾತುಗಳನ್ನು ಓದಿದರೆ, ನಿಮ್ಮಲ್ಲಿ ಎಷ್ಟೋ ಮಂದಿ ಯಾವ ಅರಸನ ಸಂಬಳವನ್ನೂ ಉಂಡವರಲ್ಲ, ದನದ ಹಿಂದೆ, ಅಕ್ಕತಂಗಿಯರ ಕೂಗಿನ ಹಿಂದೆ ಕೈಗೆ ಸಿಕ್ಕಿದ್ದು ಹಿಡಿದು ಓಡಿದವರು ಅನ್ನಿಸುತ್ತದೆ.

ದೊಡ್ಡ ಯುದ್ಧಗಳಿಗೂ ನಮ್ಮ ಸೀಮೆ ಹೊರತಾಗಿರಲಿಲ್ಲ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಕೋಟೆ ಉಳಿಸಲು ಹೋರಾಡಿ ಮಡಿದ. ಅವನ ಹೆಸರು ಉಳಿಯಿತು. ಅವನ ಹಿಂದೆ ನಿಂತ ಕಾಲಾಳುಗಳ ಹೆಸರು ಹುಡುಕಲು ನಮಗಿರುವ ದಾರಿ ನಿಮ್ಮ ಕಲ್ಲುಗಳೇ.

ನಿಮ್ಮ ಕಾಲದ ಕನ್ನಡದಲ್ಲಿ ಈ ಆಯುಧಕ್ಕೆ ಎಷ್ಟು ಹೆಸರು! ಇಟ್ಟಿ, ಕೊಂತ, ಸಬಳ, ಭಲ್ಲೆ. ಇಟ್ಟಿಯೇ ನಮ್ಮ ಬಾಯಲ್ಲಿ ಈಟಿಯಾಗಿದೆ. ಕಲ್ಯಾಣದ ಚಾಲುಕ್ಯ ಅರಸ ಸತ್ಯಾಶ್ರಯನಿಗೆ ಇರಿವಬೆಡಂಗ ಎಂಬ ಬಿರುದಿತ್ತು. ಇರಿಯುವುದರಲ್ಲಿ ಬೆಡಗುಳ್ಳವನು ಎಂದರ್ಥ. ಒಂದು ನಾಡು ತನ್ನ ಅರಸನನ್ನು ಹೊಗಳಲು ಇಂಥ ಮಾತು ಆರಿಸಿಕೊಂಡಿತೆಂದರೆ, ಇರಿಯುವುದರಲ್ಲಿ ಒಂದು ವಿದ್ಯೆಯಿದೆ, ಅದನ್ನು ನೋಡಿ ಮೆಚ್ಚುವ ಕಣ್ಣುಗಳಿವೆ ಎಂದಾಯಿತು. ಆ ವಿದ್ಯೆ ಎಲ್ಲಿ ಹೋಯಿತು?

ಇಲ್ಲಿ ನಿಮಗೆ ಇಂಥ ವಿದ್ಯೆಯನ್ನು ಬರೆದಿಟ್ಟು ಉಳಿಸಿಕೊಂಡ ಕೊರಿಯಾ ಎಂಬ ದೂರದ ನಾಡಿನ ಕತೆ ಹೇಳಬೇಕು. 1592ರಲ್ಲಿ ಜಪಾನಿನ ದಂಡು ಆ ನಾಡಿನ ಮೇಲೆ ಏರಿ ಬಂತು. ಕೊರಿಯಾದವರು ಬಿಲ್ಲಿನಲ್ಲಿ ನಿಪುಣರು, ಆದರೆ ಮೈಗೆ ಮೈ ತಾಗುವ ಕಾಳಗದಲ್ಲಿ ಸೋತರು. ಸುಮಾರು ಇಪ್ಪತ್ತೇ ದಿನಗಳಲ್ಲಿ ರಾಜಧಾನಿ ಕೈತಪ್ಪಿತು. ಮರುವರ್ಷ ನೆರವಿಗೆ ಬಂದ ಚೀನದ ಮಿಂಗ್ ಸೈನ್ಯ ಪ್ಯೊಂಗ್ಯಾಂಗ್ ನಗರವನ್ನು ಮರಳಿ ಗೆದ್ದಿತು. ಅವರ ಕೈಚಳಕ ನೋಡಿದ ಕೊರಿಯಾದವರು ಸೋಲನ್ನು ಮುಚ್ಚಿಡದೆ ಕಲಿಯಲು ಕೂತರು. ಯುದ್ಧ ಮುಗಿಯುವ ಹೊತ್ತಿಗೆ, 1598ರಲ್ಲಿ, ಹಾನ್ ಗ್ಯೊ ಎಂಬ ವಿದ್ವಾಂಸ ಆರು ಆಯುಧವಿದ್ಯೆಗಳ ಕೈಪಿಡಿಯನ್ನು ಸಿದ್ಧಪಡಿಸಿದ. ಉದ್ದನೆಯ ಈಟಿಯಾದ ಜಾಂಗ್‌ಚಾಂಗ್, ತ್ರಿಶೂಲದಂಥ ದಾಂಗ್‌ಪಾ, ನಾಂಗ್‌ಸೊನ್ ಎಂಬ ಬಿದಿರ ಆಯುಧ ಅದರಲ್ಲಿದ್ದವು.

ನಾಂಗ್‌ಸೊನ್ ಕೇಳಿದರೆ ನಿಮಗೆ ಖುಷಿಯಾದೀತು. ಇಡೀ ಬಿದಿರನ್ನು ಕೊಂಬೆ ಸವರದೆ ಹಾಗೆಯೇ ಉಳಿಸಿಕೊಂಡು ತುದಿಗೆ ಕಬ್ಬಿಣದ ಮೊನೆ ಸಿಕ್ಕಿಸುತ್ತಿದ್ದರು. ಆ ಮುಳ್ಳಿನ ಪೊದೆಯನ್ನು ಮುಂದೆ ಚಾಚಿದರೆ ಕತ್ತಿ ಹಿಡಿದವನಿಗೆ ಒಳನುಗ್ಗಲು ದಾರಿಯಿಲ್ಲ. ಅದರ ಮರೆಯಲ್ಲಿ ಈಟಿಯವರು ತಿವಿಯುತ್ತಿದ್ದರು. ಹೊಲಕ್ಕೆ ಮುಳ್ಳುಬೇಲಿ ಹಚ್ಚಿದ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1790ರಲ್ಲಿ ಜೊಂಗ್ಜೊ ಅರಸನ ಆಜ್ಞೆಯಂತೆ ದೊಡ್ಡ ಗ್ರಂಥವೇ ಹೊರಬಂತು. ಮುಯೆದೊಬೊತೊಂಗ್ಜಿ ಎಂದು ಅದರ ಹೆಸರು. ಯಿ ದೊಕ್‌ಮು, ಪಾಕ್ ಜೆಗಾ ಎಂಬ ಇಬ್ಬರು ವಿದ್ವಾಂಸರು, ಬೆಕ್ ದೊಂಗ್‌ಸು ಎಂಬ ಯೋಧ ಕೂಡಿ ಮಾಡಿದ ಕೆಲಸ. ಪುಸ್ತಕದವರೂ ಕಣದವರೂ ಒಟ್ಟಿಗೆ ಕೂತದ್ದೇ ಅದರ ಹಿರಿಮೆ. ಒಟ್ಟು 24 ವಿದ್ಯೆಗಳು. ಪ್ರತಿಯೊಂದು ಪಟ್ಟಿಗೂ ಚಿತ್ರ, ಪ್ರತಿ ಆಯುಧಕ್ಕೂ ಅಳತೆ. ಜಾಂಗ್‌ಚಾಂಗ್ ಅವರ ಅಳತೆಯಲ್ಲಿ 15 ಅಡಿ, ಬಿದಿರಿನ ಈಟಿ 20 ಅಡಿ. ವಿದ್ವಾಂಸರ ಬರಹ ಚೀನೀ ಅಕ್ಷರದಲ್ಲಿದ್ದುದರಿಂದ, ಸಾಮಾನ್ಯರೂ ಓದಲಿ ಎಂದು ಆಡುಮಾತಿನ ಲಿಪಿಯಲ್ಲಿ ಬೇರೆ ಸಂಪುಟ ಮಾಡಿದರು. ಆ ಗ್ರಂಥ 2017ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿ ಸೇರಿತು. ಸುವೊನ್ ಎಂಬ ಊರಿನ ಅರಮನೆಯಂಗಳದಲ್ಲಿ ಈಗಲೂ ತರುಣರು ಆ 24 ವಿದ್ಯೆಗಳನ್ನು ಆಡಿ ತೋರಿಸುತ್ತಾರೆ.

ನಮ್ಮಲ್ಲೂ ಬರೆದವರಿದ್ದರು. 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದ ಎಂಬ ಭಾಗವನ್ನೇ ಇಟ್ಟ. ಆದರೆ ಅದು ಸಂಸ್ಕೃತದಲ್ಲಿ, ಅರಸನ ಓಲಗಕ್ಕಾಗಿ. ಭತ್ತದ ಗದ್ದೆಯಿಂದ ಎದ್ದು ಓಡಿದ ನಿಮ್ಮ ಕೈಯ ಪಟ್ಟು ಅಪ್ಪನಿಂದ ಮಗನಿಗೆ, ಕೈಯಿಂದ ಕೈಗೆ ಮಾತ್ರ ದಾಟಿತು. ಅಂಥ ವಿದ್ಯೆ ಒಂದು ತಲೆಮಾರು ಕೈಬಿಟ್ಟರೆ ಮುಗಿಯಿತು. ಕೈ ಬಿಡಿಸಿದವರೂ ಇದ್ದರು. 1857ರಲ್ಲಿ ಇಂಗ್ಲಿಷರು ಆಯುಧಗಳ ಮೇಲೆ ಕಾಯ್ದೆ ಹೇರಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ನಿಂತರು. ಅವರ ಊರನ್ನೇ ಸುಟ್ಟರು. ಅವರ ಲಾವಣಿ ನಮಗೆ ಉಳಿದಿದೆ, ಅವರ ಪಟ್ಟುಗಳು ಉಳಿಯಲಿಲ್ಲ.

ಇದನ್ನೆಲ್ಲ ಮತ್ತೆ ಯುದ್ಧ ಬರಲಿ ಎಂದು ಬರೆಯುತ್ತಿಲ್ಲ, ಅಜ್ಜಂದಿರಾ. ಈಟಿಗೆ ಇನ್ನು ಕೆಲಸ ಬೀಳದಿರಲಿ ಎಂದೇ ನನ್ನ ಹರಕೆ. ಆದರೆ ಯಾರದೋ ದನ, ಯಾರದೋ ಮಗಳು ಉಳಿಯಲಿ ಎಂದು ನೀವು ಸತ್ತಿರಿ. ನಿಮ್ಮ ಕೈಯಲ್ಲಿ ಏನಿತ್ತು, ಅದನ್ನು ಹೇಗೆ ಹಿಡಿದಿದ್ದಿರಿ ಎಂಬಷ್ಟನ್ನಾದರೂ ತಿಳಿಯದಿದ್ದರೆ ನಾವು ಎಣ್ಣೆ ಹಚ್ಚಿ ಏನು ಫಲ?

ಈ ಕೆಲಸಕ್ಕೆ ದಾರಿ ತೋರಿದವರು ಧಾರವಾಡದಲ್ಲೇ ಇದ್ದರು. ಷ. ಶೆಟ್ಟರ್ ಅವರು ಜರ್ಮನಿಯ ಸೊಂಥೈಮರ್ ಜೊತೆಗೂಡಿ ಸ್ಮಾರಕ ಶಿಲೆಗಳ ಮೇಲಿನ ದೊಡ್ಡ ಗ್ರಂಥವನ್ನು 1982ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದಲೇ ಹೊರತಂದರು. ಅಲ್ಲಿಯ ಕನ್ನಡ ಸಂಶೋಧನಾ ಸಂಸ್ಥೆ 1939ರಿಂದ ಶಾಸನ, ಶಿಲ್ಪಗಳನ್ನು ಕಾಯುತ್ತ ಬಂದಿದೆ. ಉಳಿದದ್ದು ಊರವರ ಪಾಲು.

ಆದ್ದರಿಂದ ಪಂಚಾಯಿತಿಯ ಹಿರಿಯರಲ್ಲಿ ಒಂದು ಬೇಡಿಕೆ: ಗುಡಿಯ ಜೀರ್ಣೋದ್ಧಾರ, ರಸ್ತೆ ಅಗಲೀಕರಣ ಯಾವುದೇ ಬರಲಿ, ವೀರಗಲ್ಲನ್ನು ಪಾಯಕ್ಕೆ ಹಾಕಬೇಡಿ, ಬಣ್ಣ ಬಳಿಯಬೇಡಿ. ಶಾಲೆಯ ಗುರುಗಳಲ್ಲಿ ಇನ್ನೊಂದು: ಮಕ್ಕಳ ಕೈಗೆ ಟೇಪು ಕೊಟ್ಟು ಕಲ್ಲಿನ ಹತ್ತಿರ ಕಳಿಸಿ. ಕೆತ್ತಿದ ಆಳಿನ ಎತ್ತರ ಎಷ್ಟು, ಅವನ ಈಟಿಯ ಉದ್ದ ಎಷ್ಟು, ಹಿಂದಿನ ಕೈ ಎಲ್ಲಿದೆ, ಮುಂದಿನ ಕೈ ಎಲ್ಲಿದೆ, ಬರೆದು ತರಲಿ. ಆಳನ್ನು ಐದೂವರೆ ಅಡಿ ಎಂದುಕೊಂಡರೆ ಈಟಿ ಎಷ್ಟಡಿಯಾದೀತೆಂದು ಆರನೆಯ ಇಯತ್ತೆಯ ಹುಡುಗಿಯೂ ಲೆಕ್ಕ ಹಾಕಬಲ್ಲಳು. ಶಿಲ್ಪಿಯ ಉಳಿ ಅಂಕಣದಷ್ಟು ಜಾಗಕ್ಕೆ ಈಟಿಯನ್ನು ಕುಗ್ಗಿಸಿರಬಹುದು. ಇರಲಿ. ಹತ್ತೂರಿನ ಹತ್ತು ಕಲ್ಲು ಅಳೆದರೆ ನಮ್ಮದೇ ಕೈಪಿಡಿಯ ಮೊದಲ ಪುಟ ಆಗುತ್ತದೆ. ಮನೆಯ ಜಂತಿಯಲ್ಲಿ ಭರ್ಜಿ ಇನ್ನೂ ಉಳಿದವರು ಮೋಡಕಾಕ್ಕೆ ಹಾಕುವ ಮೊದಲು ಅಳತೆ ಬರೆದು, ಬಡಿದ ಕಂಬಾರನ ಹೆಸರು ಕೇಳಿಕೊಳ್ಳಿ.

ನಾನೂ ಟೇಪು ಕೊಂಡಿದ್ದೇನೆ. ನೆನಪಿದ್ದಷ್ಟನ್ನು ಒಂದು ವಹಿಯಲ್ಲಿ ಬರೆಯತೊಡಗಿದ್ದೇನೆ. ಮೊದಲ ಸಾಲು ಮುತ್ಯಾನದು: ಹಿಂದಿನ ಕೈ ನೂಕತೈತಿ, ಮುಂದಿನ ಕೈ ದಾರಿ ತೋರಸತೈತಿ. ಎರಡನೆಯ ಸಾಲು ನಿಮ್ಮದು. ಸುಗ್ಗಿ ಮುಗಿದ ಮೇಲೆ ನಿಮ್ಮ ಮುಂದೆ ಬಂದು ಕೂರುತ್ತೇನೆ.

ನಿಮ್ಮವ,
ದುಮ್ಮವಾಡದ ಒಬ್ಬ ಒಕ್ಕಲುಮಗ