ಡ್ಯಾಶ್‌ಬೋರ್ಡ್ ಸಾರ್

ಪ್ರತಿ ಆಫೀಸಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಗಷ್ಟೇ ಸೀಮಿತ. ಮಿಕ್ಕಂತೆ ಎಲ್ಲರಿಗೂ ಅವರು ಡ್ಯಾಶ್‌ಬೋರ್ಡ್ ಸಾರ್. ಕನ್ನಡ ಸುದ್ದಿತಾಣಗಳಲ್ಲಂತೂ ಈ ತಳಿ ಹುಲುಸು. ಲ್ಯಾಪ್‌ಟಾಪನ್ನು ಮುಚ್ಚದೆ, ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಮೀಟಿಂಗಿನಿಂದ ಮೀಟಿಂಗಿಗೆ ಸಾಗುತ್ತಾರೆ. ತಮ್ಮ ತಾಣದ ಒಂದು ಸುದ್ದಿಯನ್ನಾದರೂ ಅವರು ಪೂರ್ತಿ ಓದಿದ್ದನ್ನು ಕಂಡವರಿಲ್ಲ. ಅದನ್ನು ಎಷ್ಟು ಜನ ಓದಿದರೆಂಬುದು ಮಾತ್ರ ಬಾಯಿಪಾಠ.

ಲೋಕದಲ್ಲಿ ಬೇಕಾದ್ದೆಲ್ಲ ಎಲ್ಲೋ ಒಂದು ಕಡೆ ಇದ್ದೇ ಇದೆ, ಕನೆಕ್ಟ್ ಮಾಡುವವರಿಲ್ಲ ಅಷ್ಟೆ ಎಂಬುದು ಅವರ ಸಿದ್ಧಾಂತ. “ಲೇಖನ ಎಲ್ಲಾ ವರ್ಡ್‌ಪ್ರೆಸ್‌ನಲ್ಲಿದೆ. ಅದನ್ನ ಗ್ರಾಫ್ ಬಿಡಿಸೋ ಪವರ್ ಬಿಐಗೆ ಜೋಡಿಸಿದ್ರೆ ಮುಗೀತು. ಅರ್ಧ ಗಂಟೆ ಕೆಲಸ.” ಆ ಅರ್ಧ ಗಂಟೆ ಯಾರದ್ದೆಂದು ಅವರು ಹೇಳುವುದಿಲ್ಲ. ಟೆಕ್ ವಿಭಾಗದ ಹುಡುಗಿ ಊಟದ ಡಬ್ಬಿ ಮುಚ್ಚಿ ಎದ್ದು ಬರುತ್ತಾಳೆ.

ವರ್ಡ್‌ಪ್ರೆಸ್‌ನಿಂದ ಮಾಹಿತಿ ಪಡೆಯಲು ರೆಸ್ಟ್ ಎಪಿಐ ಎಂಬ ಬಾಗಿಲಿದೆ. 2016ರ ಡಿಸೆಂಬರಿನ 4.7ನೇ ಆವೃತ್ತಿಯಿಂದ ಲೇಖನಗಳೂ ಅಲ್ಲೇ ಸಿಗುತ್ತವೆ. ಎಷ್ಟು ಬೇಕೆಂದು ಹೇಳದಿದ್ದರೆ ಅದು ಕೊಡುವುದು 10 ಲೇಖನ. ಹೇಳಿದರೂ ಒಂದು ಸಲಕ್ಕೆ 100ರ ಮೇಲೆ ಇಲ್ಲ. “ಸುಮ್ನೆ ಲಿಂಕ್ ಹಾಕಮ್ಮ” ಎಂದು ಸಾರ್ ಅವಸರಪಡಿಸಿದ್ದರಿಂದ ಮೊದಲ ದಿನ ಪರದೆಯ ಮೇಲೆ ಮೂಡಿದ್ದು ಹತ್ತೇ ಲೇಖನಗಳ ಅಂದವಾದ ನೀಲಿ ಗ್ರಾಫ್. ವರ್ಷಗಟ್ಟಲೆ ಮೂರು ಪಾಳಿಯಲ್ಲಿ ದುಡಿದ ಆಫೀಸಿನ ಒಟ್ಟು ಸಾಧನೆ ಹತ್ತು! ಸಾರ್‌ಗೆ ಲೆಕ್ಕದ ಮೇಲೆ ಅನುಮಾನ ಬರಲಿಲ್ಲ, ಸಿಬ್ಬಂದಿಯ ಮೇಲೆ ಬಂತು. “ಪ್ರೊಡಕ್ಟಿವಿಟಿ ಇಶ್ಯೂ” ಎಂದರು.

ಮರುದಿನ “ನೇರವಾಗಿ ಡೇಟಾಬೇಸಿಗೇ ಕನೆಕ್ಟ್ ಮಾಡು” ಎಂದು ಆಜ್ಞೆಯಾಯಿತು. ಅಲ್ಲಿ ಪೋಸ್ಟ್‌ಗಳ ಟೇಬಲ್ಲಿನಲ್ಲಿ ಪ್ರಕಟವಾದ ಲೇಖನಕ್ಕೊಂದು ಸಾಲು, ಅರ್ಧಕ್ಕೇ ಬಿಟ್ಟ ಡ್ರಾಫ್ಟಿಗೊಂದು ಸಾಲು, ಫೋಟೊಗೊಂದು ಸಾಲು. ತಿದ್ದಿ ಸೇವ್ ಮಾಡಿದ ಪ್ರತಿ ಆವೃತ್ತಿಗೂ ಒಂದು ಸಾಲು. ಆ ಆವೃತ್ತಿಯ ಸಾಲಿನಲ್ಲಿ ಲೇಖಕರೆಂದು ದಾಖಲಾಗುವವರು ಸೇವ್ ಒತ್ತಿದವರೇ. ಸಾರ್ ಲೆಕ್ಕದಲ್ಲಿ ಸಾಲೆಂದರೆ ಲೇಖನ. ಗ್ರಾಫ್ ಪರದೆಯ ಅಂಚು ಮುಟ್ಟಿತು.

ಎಲ್ಲರಿಗಿಂತ ಎತ್ತರದ ಕಂಬ ಮೂಲೆಯ ಮೇಜಿನ ಹಿರಿಯ ಉಪಸಂಪಾದಕರದು. ಅವರು ಸ್ವಂತಕ್ಕೆ ಒಂದು ಸಾಲು ಬರೆದು ಎಷ್ಟೋ ಕಾಲವಾಗಿತ್ತು. ವರದಿಗಾರರ ಅಲ್ಪಪ್ರಾಣ ಮಹಾಪ್ರಾಣಗಳನ್ನು ಜಾಗಕ್ಕೆ ಕೂರಿಸುವುದು, ಕರೆಂಟು ಹೋದೀತೆಂಬ ಹಳೇ ಭಯಕ್ಕೆ ಒತ್ತಕ್ಷರಕ್ಕೊಮ್ಮೆ ಸೇವ್ ಒತ್ತುವುದು, ಇಷ್ಟೇ ಅವರ ದಿನಚರಿ. ಸಾರ್ ಖುದ್ದಾಗಿ ‘ತಿಂಗಳ ಉತ್ತಮ ಬರಹಗಾರ ಪ್ರಶಸ್ಥಿ’ ಎಂದು ಅಚ್ಚಾದ ಪತ್ರ ತಂದು ಕೊಟ್ಟರು. ಉಪಸಂಪಾದಕರು ನಮಸ್ಕರಿಸಿ ತೆಗೆದುಕೊಂಡರು, ಕೆಂಪು ಪೆನ್ನಿನಲ್ಲಿ ಥಕಾರವನ್ನು ತಕಾರ ಮಾಡಿದರು, “ಇನ್ನೊಂದು ಪ್ರಿಂಟ್ ತೆಗೆಸಿ” ಎಂದು ಅವರಿಗೇ ವಾಪಸ್ ಕೊಟ್ಟರು.

ಮುಂದಿನ ಸರದಿ ರಾಶಿಫಲದ್ದು. ವರ್ಡ್‌ಪ್ರೆಸ್ ಪ್ರತಿ ಪೋಸ್ಟಿಗೂ ಸ್ಥಳೀಯ ಸಮಯ, ಗ್ರೀನ್‌ವಿಚ್ ಸಮಯ ಎರಡನ್ನೂ ಬರೆದಿಡುತ್ತದೆ. ಇಂಟರ್‌ನ್ಯಾಷನಲ್ ಆಗಿರಲೆಂದು ಸಾರ್ ಎರಡನೆಯದನ್ನು ಆರಿಸಿದ್ದರು. ಐದೂವರೆ ಗಂಟೆ ಹಿಂದೆ ಸರಿದ ಪರಿಣಾಮವಾಗಿ, ಬೆಳಗಿನ ಐದಕ್ಕೆ ಪ್ರಕಟವಾಗುವ ‘ಇಂದಿನ ಭವಿಷ್ಯ’ ಗ್ರಾಫಿನಲ್ಲಿ ನಿನ್ನೆಯ ಖಾತೆಗೆ ಬೀಳುತ್ತಿತ್ತು. “ನೋಡಿ, ಜ್ಯೋತಿಷಿಗಳು ಒಂದು ದಿನ ಅಡ್ವಾನ್ಸ್ ಇದ್ದಾರೆ, ನಮ್ಮ ಕ್ರೀಡಾ ವಿಭಾಗ ಕಲೀಬೇಕು” ಎಂದು ಸಾರ್ ಮೀಟಿಂಗಿನಲ್ಲಿ ಶಹಬ್ಬಾಸ್ ಹೇಳಿದರು.

ಪೈ ಚಾರ್ಟಿನ ಮೇಲೆ ಅವರಿಗೆ ವಿಶೇಷ ಮಮತೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲಿ ಅದನ್ನು ಮೊದಲು ಅಚ್ಚಿಗಿಳಿಸಿದಾಗ ತುರ್ಕಿ ಸಾಮ್ರಾಜ್ಯವನ್ನು ಮೂರು ಖಂಡಗಳಿಗೆ ಹಂಚಿ ತೋರಿಸಿದ್ದ. ನಮ್ಮ ಸಾರ್ ಸರ್ಕಾರವನ್ನೇ ಹೋಳು ಮಾಡಿದರು. ಟ್ಯಾಗ್ ಹಾಕುವಾಗ ಕೆಲವರು ‘ಸರ್ಕಾರ’ ಎಂದೂ ಕೆಲವರು ‘ಸರಕಾರ’ ಎಂದೂ ಬರೆದಿದ್ದರಿಂದ ಒಂದು ಹಸಿರು ಹೋಳು, ಒಂದು ಕಿತ್ತಳೆ ಹೋಳು. “ಸಮ್ಮಿಶ್ರವಾ ಸಾರ್?” ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಕೊನೆಗೆ ಹುಡುಗಿಯೇ ಕೂತು ಪ್ರಕಟವಾದ ಲೇಖನಗಳನ್ನಷ್ಟೇ ಸೋಸಿ, ಗಡಿಯಾರವನ್ನು ಭಾರತಕ್ಕೆ ತಂದು, ಎರಡು ಸರ್ಕಾರಗಳನ್ನು ಒಂದು ಮಾಡಿದಳು. ಗ್ರಾಫ್ ಕುಳ್ಳಗಾಯಿತು. “ನಂಬರ್ ಸರಿ ಇರಬಹುದಮ್ಮಾ, ಆದ್ರೆ ಇದರಲ್ಲಿ ಜೋಶ್ ಇಲ್ಲ. ಹಳೇದು ಇನ್ನೊಂದು ಟ್ಯಾಬ್‌ನಲ್ಲಿರಲಿ, ಮೇಲಿನವರಿಗೆ ತೋರಿಸೋಕೆ” ಎಂದರು ಸಾರ್. ಉಪಸಂಪಾದಕರು ತಮ್ಮ ಕಂಬ ಹುಡುಕಿದರು. “ನಾನು ತಿದ್ದಿದ್ದೆಲ್ಲ ಎಲ್ಲಿ ಹೋಯ್ತಮ್ಮ?”

“ಫಿಲ್ಟರ್ ಆಗ್ಬಿಡ್ತು ಸಾರ್.”

“ಮೂವತ್ತು ವರ್ಷದಿಂದ್ಲೂ ಅದೇ ಕತೆ, ಬಿಡು” ಎಂದು ಮುಂದಿನ ಕಾಪಿ ತೆರೆದರು.

ಸದ್ಯ ಡ್ಯಾಶ್‌ಬೋರ್ಡ್ ಸಾರ್ ಕಣ್ಣು ಕ್ಯಾಂಟೀನಿನ ಮೇಲೆ ಬಿದ್ದಿದೆ. ಇಡ್ಲಿ, ವಡೆ, ಕಾಫಿಯ ಲೆಕ್ಕವನ್ನು ಪವರ್ ಬಿಐಗೆ ಕನೆಕ್ಟ್ ಮಾಡುವ ಉತ್ಸಾಹದಲ್ಲಿ ಮೊನ್ನೆ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, “ಭಟ್ರೇ, ನಿಮ್ಮ ಡೇಟಾ ಎಲ್ಲಿಟ್ಟಿದ್ದೀರಿ?” ಎಂದರು. ಭಟ್ಟರು ಎಣ್ಣೆ ಹಿಡಿದ ಉದ್ದನೆಯ ನೋಟ್‌ಬುಕ್ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಎರಡು ಹಾಳೆ ಮಗುಚಿದರು. “ಇಲ್ಲೇ ಇದೆ ಸಾರ್. ನಿಮ್ದು ಹೋದ ತಿಂಗಳಿಂದ ಬಾಕಿ.”