ಗಡಿ ತನಕ ಪುಕ್ಕಟೆ

ತೊಗರಿ ರಾಶಿ ಮುಗಿದರೆ ಯಾದಗಿರಿ, ಗುರುಮಠಕಲ್ ಕಡೆ ಗಂಟು ಕಟ್ಟುವ ಕಾಲ. ಹೈದರಾಬಾದಿಗೆ ಗುಳೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಜೋಳದ ಹಿಟ್ಟು, ತಾಡಪತ್ರಿ, ಎರಡು ಕೊಡ, ಒಂದು ಕೂಸು. ಮುದುಕರು ಗಂಟಿನಲ್ಲಿ ಹಿಡಿಯುವುದಿಲ್ಲ. ಅವರನ್ನು ಬೀಗದ ಹಾಗೆ ಬಾಗಿಲಿಗೇ ಬಿಟ್ಟು ಹೋಗುವುದು ವಾಡಿಕೆ.

ಇದೆಲ್ಲ ಅಡ್ನಾಡಿ ತಯಾರಿ. ತಿಳಿದವರು ಮೊದಲು ಕಾನೂನು ಓದಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಔದಾರ್ಯ ನೋಡಿ: ಹೋಗಿಬರುವ ಖರ್ಚು ಗುತ್ತಿಗೆದಾರನದು. ದಾರಿಯಲ್ಲಿ ಕಳೆದ ಹೊತ್ತಿಗೂ ಕೂಲಿ. ಊರು ಬಿಟ್ಟಿದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ. ಮೇಲೆ ಫೋಟೊ ಅಂಟಿಸಿದ ಪಾಸ್‌ಬುಕ್ಕು, ಅದೂ ಹಿಂದಿ, ಇಂಗ್ಲಿಷ್ ಜೊತೆಗೆ ಕೂಲಿಕಾರರ ಭಾಷೆಯಲ್ಲಿ! ಹೈದರಾಬಾದಿನ ಮೇಸ್ತ್ರಿ ಒತ್ತಕ್ಷರ ತಿದ್ದುತ್ತ ಕೂತಿದ್ದನ್ನು ಕಂಡವರಿದ್ದರೆ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬಹುದು. ಅವನಿಗೆ ಬರುವುದು ಮುಂಗಡದ ಲೆಕ್ಕ ಒಂದೇ. ಅದರಲ್ಲಿ ಕೂಡುವುದುಂಟು, ಕಳೆಯುವುದಿಲ್ಲ. 2020ರಲ್ಲಿ ಸಂಸತ್ತು ಹಳೆಯ ಕಾಯ್ದೆಯನ್ನು ಹೊಸ ಸಂಹಿತೆಯೊಳಗೆ ಸೇರಿಸುವಾಗ ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿತು. ಊರಲ್ಲಿ ಯಾರೂ ಅಳಲಿಲ್ಲ. ಹುಟ್ಟಿದ್ದೇ ಗೊತ್ತಿಲ್ಲದವರು ಸತ್ತರೆ ಅಳುವುದು ಹೇಗೆ?

ಇನ್ನು ಬಸ್ಸು. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ. ಅದೇ ಡಿಸೆಂಬರಿನಿಂದ ತೆಲಂಗಾಣದಲ್ಲಿ ಮಹಾಲಕ್ಷ್ಮಿ. ಅಲ್ಲೂ ಪುಕ್ಕಟೆ, ಇಲ್ಲೂ ಪುಕ್ಕಟೆ. ಗುಳೆ ಹೊರಟವಳು ಎರಡನ್ನೂ ಕೂಡಿಸಿದಳು. ಗಡಿಯಲ್ಲಿ ಇಳಿದು ಆ ಕಡೆಯ ಬಸ್ಸು ಹತ್ತಿದಳು.

"ಯವ್ವಾ, ಆಧಾರ ತೋರ್ಸು."

"ತಗೋರಿ ಯಣ್ಣಾ."

"ಇದು ಕರ್ನಾಟಕದ್ದು. ರೊಕ್ಕ ತಗಿ."

ನ್ಯಾಯವೇ. ಪುಕ್ಕಟೆ ಪ್ರಯಾಣ ಅಲ್ಲಿನ ನಿವಾಸಿಗಳಿಗೆ ಮಾತ್ರ. ಗಚ್ಚಿಬೌಲಿಯಲ್ಲಿ ಊರಿನಷ್ಟು ಜನ ಹಿಡಿಸುವ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತವಳಿಗೆ ವಿಳಾಸದ ಪುರಾವೆ ಎಲ್ಲಿಂದ ಬರಬೇಕು? ಅವಳ ವಿಳಾಸ ತಾಡಪತ್ರಿ, ಅದು ಕೆಲಸ ಮುಗಿದೊಡನೆ ಮಡಚಿಕೊಳ್ಳುತ್ತದೆ.

ತಮಾಷೆಯೆಂದರೆ, 1956ರ ನವೆಂಬರ್ 1ಕ್ಕಿಂತ ಮೊದಲು ಇದೇ ದಾರಿಯಲ್ಲಿ ಹೋದ ಅವಳ ಅಜ್ಜಿ ತನ್ನದೇ ರಾಜ್ಯದ ರಾಜಧಾನಿಗೆ ಹೋಗುತ್ತಿದ್ದಳು. ದಾರಿ ಅಲ್ಲೇ ಇದೆ, ಊರೂ ಅಲ್ಲೇ ಇದೆ, ಮೊಮ್ಮಗಳು ಮಾತ್ರ ಹೊರರಾಜ್ಯದವಳಾದಳು. 2019ರಲ್ಲಿ ನಾವು 'ಹೈದರಾಬಾದ್ ಕರ್ನಾಟಕ'ವನ್ನು 'ಕಲ್ಯಾಣ ಕರ್ನಾಟಕ' ಮಾಡಿ ಹೈದರಾಬಾದನ್ನು ಹೆಸರಿನಿಂದಲೇ ಓಡಿಸಿದೆವು. ಜನ ಅದನ್ನು ಹುಡುಕಿಕೊಂಡು ಹೋಗುವುದನ್ನು ನಿಲ್ಲಿಸುವ ಗೋಜಿಗೆ ಹೋಗಲಿಲ್ಲ.

ಕಡೆಗೆ ಎಲ್ಲರೂ ಕ್ರೂಸರ್ ಹತ್ತುತ್ತಾರೆ. ಅದರ ಚಾಲಕ ಆಧಾರ ಕೇಳುವುದಿಲ್ಲ, ಗಡಿ ಲೆಕ್ಕಿಸುವುದಿಲ್ಲ. ಒಳಗೆ ತುಂಬಿದರೆ ಟಾಪಿನ ಮೇಲೆ ಜಾಗ ಮಾಡಿಕೊಡುತ್ತಾನೆ. ಬಾಡಿಗೆ ಮೇಸ್ತ್ರಿಯದೇ. ಈ ಒಂದು ವಿಷಯದಲ್ಲಿ ಅವನು ಕಾನೂನನ್ನು ಚಾಚೂತಪ್ಪದೆ ಪಾಲಿಸುತ್ತಾನೆ: ಕೈಯಾರೆ ಎಣಿಸಿ ಕೊಡುತ್ತಾನೆ, ಕೊಟ್ಟದ್ದನ್ನು ಅಲ್ಲೇ ಮುಂಗಡಕ್ಕೆ ಕೂಡಿಸಿ ಬರೆದುಕೊಳ್ಳುತ್ತಾನೆ.